ಸಹಿ ಹಾಕಿ ಹೊರಟವರ ಬಗ್ಗೆ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಚಿಕಿತ್ಸೆ ಮುಗಿಯುವ ಮೊದಲೇ 'ಲಾಮಾ' ಬರೆದುಕೊಟ್ಟು ಆಸ್ಪತ್ರೆ ಬಿಡುವ ರೋಗಿಗಳ ಕುರಿತು.

ಮಾನ್ಯರೇ,

ನಾನು ಚಿತ್ರದುರ್ಗ ಜಿಲ್ಲೆಯವಳು. ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದು ಈಗ ರಿಟೈರ್ ಆಗಿದ್ದೇನೆ. ಮೆಡಿಸಿನ್ ವಾರ್ಡು, ಕ್ಯಾಶುವಾಲ್ಟಿ, ಹೆರಿಗೆ ವಾರ್ಡು, ಎಲ್ಲ ಕಡೆ ಡ್ಯೂಟಿ ಮಾಡಿದವಳು. ನಾನು ಕೆಲಸ ಮಾಡಿದ ಎಲ್ಲ ಕಡೆಯೂ ಕಂಡ, ಆದರೆ ಯಾವ ಮೀಟಿಂಗಿನಲ್ಲೂ ಚರ್ಚೆಗೆ ಬರದ ಒಂದು ವಿಷಯವನ್ನು ನಿಮ್ಮ ಮುಂದೆ ಇಡಬೇಕಾಗಿದೆ. ಡಾಕ್ಟರು ಬೇಡ ಅಂದರೂ ರೋಗಿಯನ್ನು ಮನೆಗೆ ಕರೆದುಕೊಂಡು ಹೋಗುವವರ ವಿಷಯ ಇದು.

ವಾರ್ಡಿನಲ್ಲಿ ನಾವು ಇದನ್ನು ಲಾಮಾ (LAMA) ಅನ್ನುತ್ತೇವೆ, ಅಂದರೆ ವೈದ್ಯರ ಸಲಹೆ ಮೀರಿ ಆಸ್ಪತ್ರೆ ಬಿಡುವುದು. ಖಾಸಗಿ ಆಸ್ಪತ್ರೆಗಳಲ್ಲಿ ಡಾಮಾ ಅನ್ನುವುದೂ ಇದೆ. ಜನ ಮಾತ್ರ 'ಬರೆದುಕೊಟ್ಟು ಬಂದ್ವಿ' ಅಂತಾರೆ. ಬರೆದುಕೊಡುವುದು ಒಂದೆರಡು ಸಾಲು. 'ಆಗುವ ಸಾಧಕ ಬಾಧಕಗಳಿಗೆ ನಾವೇ ಜವಾಬ್ದಾರರು, ಆಸ್ಪತ್ರೆಯವರು ಜವಾಬ್ದಾರರಲ್ಲ.' ಕೆಳಗೆ ಒಂದು ಸಹಿ, ಇಲ್ಲದಿದ್ದರೆ ಹೆಬ್ಬೆಟ್ಟು. ಎಷ್ಟೋ ಕಡೆ ಈ ಫಾರಂ ಇಂಗ್ಲಿಷಿನಲ್ಲೇ ಅಚ್ಚಾಗಿರುತ್ತೆ. ಸಹಿ ಹಾಕುವವರು ಅದನ್ನು ಓದಿರುವುದಿಲ್ಲ. ಅದರಲ್ಲಿ ಏನಿದೆ ಅಂತ ಓದಿ ಹೇಳುವ ಪುರುಸೊತ್ತೂ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ಹಾಸಿಗೆಯಲ್ಲಿ ಮಲಗಿದ ರೋಗಿಗೆ ಪ್ರಜ್ಞೆ ಇದ್ದರೂ ಸಹಿ ಹಾಕುವುದು ಮಾತ್ರ ಅಣ್ಣನೋ, ಗಂಡನೋ, ಊರಿನಿಂದ ಕಾರು ಮಾಡಿಕೊಂಡು ಬಂದ ದೊಡ್ಡಪ್ಪನೋ.

ಆ ಸಹಿ ಬಿದ್ದಮೇಲೆ ಆಸ್ಪತ್ರೆಯ ಪಾಲಿಗೆ ಕೇಸು ಮುಗಿಯಿತು. ಡ್ರಿಪ್ಪಿಗೆ ಕೈಗೆ ಚುಚ್ಚಿದ ಕ್ಯಾನುಲಾ ತೆಗೆಯುತ್ತಾರೆ. ಕೇಸ್ ಶೀಟಿನ ಮೇಲೆ ಕೆಂಪು ಪೆನ್ನಿನಲ್ಲಿ ನಾಲ್ಕು ಅಕ್ಷರ ಬರೆದು ರೆಕಾರ್ಡ್ ರೂಮಿಗೆ ಕಳಿಸುತ್ತಾರೆ. ರೋಗಿಯ ಕೈಗೆ ಬಹಳ ಸಲ ಒಂದು ಚೀಟಿಯೂ ಸಿಗುವುದಿಲ್ಲ. ಯಾಕೆ ಹೋಗುತ್ತಿದ್ದೀರಿ ಅನ್ನುವ ಪ್ರಶ್ನೆಗೆ ಫಾರಂನಲ್ಲಿ ಜಾಗವೇ ಇಲ್ಲ. ನನ್ನ ದೂರು ಇರುವುದು ಇಲ್ಲೇ.

'ಜನಕ್ಕೆ ತಿಳಿವಳಿಕೆ ಇಲ್ಲ, ಎಷ್ಟು ಹೇಳಿದರೂ ಕೇಳಲ್ಲ' ಅನ್ನುವ ಮಾತು ನಮ್ಮ ಇಲಾಖೆಯಲ್ಲಿ ಬಹಳ ಸುಲಭವಾಗಿ ಬರುತ್ತದೆ. ನಾನು ನೋಡಿದ ಹಾಗೆ, ಹೊರಟವರಲ್ಲಿ ಹೆಚ್ಚಿನವರಿಗೆ ಅವರದೇ ಆದ ಗಟ್ಟಿ ಕಾರಣ ಇತ್ತು. ಕೇಳಿದ್ದರೆ ಹೇಳುತ್ತಿದ್ದರು.

ಒಂದು ಘಟನೆ ಹೇಳುತ್ತೇನೆ. ನಮ್ಮ ಕಡೆ ಶೇಂಗಾ ಕೀಳುವ ಕಾಲದಲ್ಲಿ ಹಾವು ಕಡಿತದ ಕೇಸು ಜಾಸ್ತಿ. ಒಬ್ಬ ರೈತನಿಗೆ ಹೊಲದಲ್ಲಿ ಕೊಳಕುಮಂಡಲ ಕಚ್ಚಿತ್ತು. ಬೇಗನೇ ಕರೆತಂದಿದ್ದರು, ಹಾವಿನ ವಿಷಕ್ಕೆ ಕೊಡುವ ಆಂಟಿವೆನಂ ಶುರುವಾಯಿತು. ಕೊಳಕುಮಂಡಲದ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಅದನ್ನು ನೋಡಲು ಒಂದು ಸರಳ ಪರೀಕ್ಷೆ ಇದೆ. ಗಾಜಿನ ಟ್ಯೂಬಿನಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಬಿಡಬೇಕು. ಆಮೇಲೆ ಓರೆ ಮಾಡಿ ನೋಡಬೇಕು. ಆರು ಗಂಟೆಗೊಮ್ಮೆ ಮತ್ತೆ ಮಾಡಬೇಕು. ಮಾರನೇ ದಿನಕ್ಕೆ ಆತನ ಕಾಲಿನ ಬಾವು ಇಳಿದಿತ್ತು, ಎದ್ದು ಕೂತು ಚಹಾ ಕುಡಿದ. ಟ್ಯೂಬಿನಲ್ಲಿ ರಕ್ತ ಇನ್ನೂ ಪೂರ್ತಿ ಸರಿ ಆಗಿರಲಿಲ್ಲ, ಮೂತ್ರವೂ ಕಮ್ಮಿ ಆಗಿತ್ತು. ಆ ಹೊತ್ತಿಗೆ ಮೋಡ ಕಟ್ಟಿತು. ಕಿತ್ತ ಶೇಂಗಾ ಹೊಲದಲ್ಲೇ ಬಿದ್ದಿದೆ, ಹೆಂಡತಿ ಒಬ್ಬಳೇ, ಮಕ್ಕಳು ಸಣ್ಣವು. ಆತ ಹೊರಟೇಬಿಟ್ಟ. ತಮ್ಮ ಸಹಿ ಹಾಕಿದ.

ಕೆಲವು ದಿನ ಬಿಟ್ಟು ಮುಖ ಮೈ ಊದಿಸಿಕೊಂಡು ವಾಪಸ್ ಬಂದ. ಮೂತ್ರ ನಿಂತಿತ್ತು. ಕ್ಯಾಶುವಾಲ್ಟಿಯಲ್ಲಿ ಅವನಿಗೆ ಸಿಕ್ಕ ಮೊದಲ ಮಾತು ಯಾವುದು ಗೊತ್ತಾ? 'ಅವತ್ತು ಸೈನ್ ಮಾಡಿ ಹೋದ್ಯಲ್ಲ, ಈಗ ಯಾಕೆ ಬಂದೆ?' ಡಯಾಲಿಸಿಸ್ ಆಗಿ, ವಾರಗಟ್ಟಲೆ ಮಲಗಿ, ಜೀವ ಉಳಿಸಿಕೊಂಡ. ಮಳೆಗೆ ಸಿಕ್ಕ ಶೇಂಗಾ ಅಷ್ಟರಲ್ಲಿ ಮೊಳಕೆ ಬಂದಿತ್ತು. ಮನೆಗೆ ಹೋಗಿಯೂ ಬೆಳೆ ಉಳಿಸಿಕೊಳ್ಳಲು ಆತನಿಗೆ ಆಗಿರಲಿಲ್ಲ.

ಇಂಥದ್ದೇ ಇನ್ನೊಂದು ಕೇಸಿನಲ್ಲಿ ಒಬ್ಬ ಡ್ಯೂಟಿ ಡಾಕ್ಟರು ಬೇರೆ ಥರ ಮಾಡಿದ್ದನ್ನೂ ಹೇಳಬೇಕು. ಹೊರಡಲು ನಿಂತ ಮನೆಯವರನ್ನು ಟೇಬಲ್ ಹತ್ತಿರ ಕರೆದರು. ಟ್ಯೂಬನ್ನು ಅವರ ಕಣ್ಣೆದುರೇ ಓರೆ ಮಾಡಿದರು. ರಕ್ತ ನೀರಿನ ಹಾಗೆ ಹರಿಯಿತು. 'ಇದು ಗಟ್ಟಿಯಾಗಬೇಕಿತ್ತು. ಗಟ್ಟಿಯಾಗೋವರೆಗೆ ಮನೆ ಮಾತು ಬೇಡ' ಅಂದರು. ಅಷ್ಟೇ. ರೋಗಿಯ ತಾಯಿ ಚೀಲ ಬಿಚ್ಚಿ ಮತ್ತೆ ಚಾಪೆ ಹಾಸಿದಳು. ಆ ಡಾಕ್ಟರಿಗೆ ಇದಕ್ಕೆ ಹಿಡಿದದ್ದು ಐದು ನಿಮಿಷ.

ಮಾನ್ಯರೇ, ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ 2024ರಲ್ಲಿ ನಿಮ್ಮ ಸರ್ಕಾರವೇ ಆದೇಶ ಮಾಡಿತು. ಬಹಳ ಒಳ್ಳೆಯ ಕೆಲಸ. ಆದರೆ ಆಂಟಿವೆನಂ ಹಾಕಿಸಿಕೊಂಡು ಅರ್ಧಕ್ಕೆ ಎದ್ದು ಹೋದವನು ಆಮೇಲೆ ಏನಾದ ಅಂತ ನೋಡುವವರು ಯಾರು?

ಬಹಳ ಕಾಯಿಲೆಗಳಲ್ಲಿ ಇದೇ ತೊಡಕು. ಆರಾಮ ಅನ್ನಿಸುವ ಹೊತ್ತೇ ಅಪಾಯದ ಹೊತ್ತಾಗಿರುತ್ತದೆ. ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲಿನ ಒಂದೆರಡು ದಿನ ಜಾಸ್ತಿ ಎಚ್ಚರ ಬೇಕು. ರಕ್ತನಾಳದಿಂದ ನೀರು ಸೋರಿ ಬಿಪಿ ಬೀಳುವುದು ಆಗಲೇ. ಮನೆಯವರು 'ಜ್ವರ ಬಿಟ್ಟಿದೆಯಲ್ಲ ಸಿಸ್ಟರ್, ಇನ್ಯಾಕೆ ಇರೋದು' ಅನ್ನುವುದೂ ಆಗಲೇ. ಕೀಟನಾಶಕ ಕುಡಿದವರಿಗೆ ಮೊದಲ ದಿನ ಔಷಧಿ ಹಿಡಿದು ಚೇತರಿಸಿದಂತೆ ಕಂಡರೂ, ಮುಂದಿನ ಎರಡು ಮೂರು ದಿನದಲ್ಲಿ ಕುತ್ತಿಗೆ ಎತ್ತಲಾಗದೆ ಉಸಿರು ಕೈಕೊಡಬಹುದು. ಹೃದಯಾಘಾತದ ಕಥೆಯೂ ಅಷ್ಟೇ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುವಂತೆ ಮಾಡಿದ್ದೀರಿ. ಹೊರಗೆ ಅದಕ್ಕೆ ಸಾವಿರಾರು ರೂಪಾಯಿ. ಆ ಇಂಜೆಕ್ಷನ್‌ಗೆ ಎದೆನೋವು ಇಳಿಯುತ್ತದೆ. ಇಳಿದ ಮೇಲೆ ಒಂದು ದಿನದೊಳಗೆ ಆಂಜಿಯೋಗ್ರಾಂ ಆಗಬೇಕು, ಅದಕ್ಕೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನೋವೇ ಇಲ್ಲದವನನ್ನು ನೂರಾರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೊರಡಿಸುವುದು ಸುಲಭ ಅಲ್ಲ. 'ಮುಂದಿನ ವಾರ ನೋಡೋಣ' ಅಂತ ಮನೆಗೆ ಹೋಗಿಬಿಡುತ್ತಾನೆ. ಇದನ್ನೆಲ್ಲ ಆಯಾ ಕಾಯಿಲೆಗೆ ತಕ್ಕಂತೆ, ಮನೆಯವರಿಗೆ ತಿಳಿಯುವ ಮಾತಿನಲ್ಲಿ, ಹೊರಡುವ ಮೊದಲು ಹೇಳುವವರು ಬೇಕು. ಹತ್ತಾರು ಜನ ರೋಗಿಗಳ ರೌಂಡ್ಸ್ ಮುಗಿಸಬೇಕಾದ ಒಬ್ಬ ಡಾಕ್ಟರಿಗೆ ಇದು ಕಷ್ಟ ಅಂತ ನನಗೆ ಗೊತ್ತು. ಹಾಗಾಗಿಯೇ ಇಲಾಖೆಗೆ ಬರೆಯುತ್ತಿದ್ದೇನೆ.

ಇನ್ನು ದುಡ್ಡಿನ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಬಿಲ್ ಇಲ್ಲ, ಮತ್ಯಾಕೆ ಹೋಗುತ್ತಾರೆ ಅಂತ ಕೇಳುವವರು ರೋಗಿಯ ಜೊತೆಗೆ ಇರುವವರ ಖರ್ಚನ್ನು ಲೆಕ್ಕ ಹಾಕುವುದಿಲ್ಲ. ರೋಗಿಗೆ ಊಟ ಬರುತ್ತದೆ, ಜೊತೆಗಿದ್ದವರಿಗೆ ಬರುವುದಿಲ್ಲ. ಅವರು ರಾತ್ರಿ ವರಾಂಡದಲ್ಲಿ ಮಲಗಬೇಕು. ಹೊರಗೆ ಬರೆದುಕೊಟ್ಟ ಸ್ಕ್ಯಾನಿಂಗ್, ಹೊರಗಿನ ಮೆಡಿಕಲ್ ಶಾಪಿನ ಔಷಧಿ, ಆಟೋ, ಬಸ್ಸು ಎಲ್ಲ ಸೇರುತ್ತದೆ. ನರೇಗಾ ಕೂಲಿಯೇ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಗಂಡ ಮಲಗಿ ಹೆಂಡತಿ ಜೊತೆಗೆ ಕೂತರೆ ಎರಡು ಕೂಲಿ ಹೋಯಿತು. ಇಂದಿರಾ ಕ್ಯಾಂಟೀನ್ ಹತ್ತಿರ ಇದ್ದ ಕಡೆ 10 ರೂಪಾಯಿಗೆ ಊಟ ಆಗುತ್ತೆ, ಅದರ ಬೆಲೆ ಏನು ಅಂತ ನಮಗೆ ಗೊತ್ತು. ಹೆರಿಗೆ ವಾರ್ಡಿನಲ್ಲೂ ಹೀಗೇ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸಾಮಾನ್ಯ ಹೆರಿಗೆಗೆ 3 ದಿನ, ಸಿಸೇರಿಯನ್ ಆದರೆ 7 ದಿನದವರೆಗೆ ಊಟ, ಔಷಧಿ ಎಲ್ಲ ಉಚಿತ. ಮನೆಗೆ ಬಿಡಲು ನಗು-ಮಗು ಗಾಡಿಯೂ ಉಂಟು. ಆದರೂ ಬಾಣಂತಿ ಮಾರನೇ ದಿನವೇ ಹೊರಡುತ್ತಾಳೆ, ಯಾಕೆಂದರೆ ಮೊದಲ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಹೆರಿಗೆಯಾದ ಮೊದಲ ಎರಡು ದಿನ ರಕ್ತಸ್ರಾವದ ಭಯ ಜಾಸ್ತಿ ಅನ್ನುವುದು ಅವಳ ಅತ್ತೆಗೂ ಗೊತ್ತು. ಗೊತ್ತಿದ್ದೂ ಹೋಗುತ್ತಾರೆ.

ಖಾಸಗಿ ಆಸ್ಪತ್ರೆಗಳಿಂದ ಬರುವವರದು ಇನ್ನೊಂದು ಗೋಳು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಕಾರ್ಡು ಎಪಿಎಲ್ ಆಗಿದ್ದರೆ ಪ್ಯಾಕೇಜಿನ ಶೇ. 30 ಮಾತ್ರ. ತುರ್ತು ಪಟ್ಟಿಯಲ್ಲಿ ಇಲ್ಲದ ಚಿಕಿತ್ಸೆಗೆ ಖಾಸಗಿಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಇದು ಜನಕ್ಕೆ ತಿಳಿಯುವುದು ಅಡ್ಮಿಟ್ ಆಗಿ, ಅಡ್ವಾನ್ಸ್ ಕಟ್ಟಿ, ಎರಡು ದಿನ ಆದ ಮೇಲೆ. ಅಷ್ಟು ಹೊತ್ತಿಗೆ ಮಾಂಗಲ್ಯದ ಸರ ಗಿರವಿಗೆ ಹೋಗಿರುತ್ತದೆ. ದುಡ್ಡು ಮುಗಿದ ಸಂಜೆ ಲಾಮಾ ಬರೆಸಿ ಕಳಿಸುತ್ತಾರೆ.

ಇದಕ್ಕಿಂತ ಕೆಟ್ಟದ್ದನ್ನೂ ನೋಡಿದ್ದೇನೆ. ರೋಗಿಯ ಸ್ಥಿತಿ ಕೈಮೀರಿದಾಗ 'ನಮ್ಮಲ್ಲಿ ಆಗಲ್ಲ, ಬೇರೆ ಕಡೆ ಕರ್ಕೊಂಡು ಹೋಗಿ' ಅಂತ ಆಸ್ಪತ್ರೆಯವರೇ ಹೇಳಿ, ಫಾರಂನಲ್ಲಿ ಮಾತ್ರ ಮನೆಯವರೇ ಬಲವಂತವಾಗಿ ಕರೆದೊಯ್ದ ಹಾಗೆ ಬರೆಸಿಕೊಳ್ಳುತ್ತಾರೆ. ಸಾವು ತಮ್ಮ ಲೆಕ್ಕಕ್ಕೆ ಬರಬಾರದಲ್ಲ. ಇಂಥ ರೋಗಿಗಳು ರಾತ್ರಿ ಹನ್ನೆರಡು, ಒಂದು ಗಂಟೆಗೆ ನಮ್ಮ ಕ್ಯಾಶುವಾಲ್ಟಿಗೆ ಬರುತ್ತಿದ್ದರು. ಕೈಯಲ್ಲಿ ಬಿಲ್ಲುಗಳ ಕಟ್ಟು ಇರುತ್ತಿತ್ತು, ರೆಫರಲ್ ಪತ್ರ ಇರುತ್ತಿರಲಿಲ್ಲ. ಯಾವ ಔಷಧಿ ಕೊಟ್ಟಿದ್ದಾರೆ, ಕೊನೇ ಡೋಸ್ ಯಾವಾಗ, ರಿಪೋರ್ಟ್ ಏನು, ಒಂದೂ ಗೊತ್ತಿಲ್ಲ. ಮೆಡಿಕಲ್ ಶಾಪಿನ ಬಿಲ್ ನೋಡಿ ಚಿಕಿತ್ಸೆ ಊಹಿಸಬೇಕಾಗುತ್ತಿತ್ತು. ಇದಕ್ಕೆ ನಿಮ್ಮ ಕೈಯಲ್ಲಿ ಕಾನೂನಿದೆ. ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕೆಪಿಎಂಇ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು, ತುರ್ತು ಚಿಕಿತ್ಸೆಗೆ ಅಡ್ವಾನ್ಸ್ ಕೇಳಬಾರದು, ಬಾಕಿಗಾಗಿ ಶವ ಹಿಡಿದಿಡಬಾರದು ಅಂತ ನಮ್ಮ ರಾಜ್ಯವೇ ಬರೆದುಕೊಂಡಿದೆ. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ಆದರೆ ಅರ್ಧರಾತ್ರಿ ಇನ್ನೊಂದು ಆಸ್ಪತ್ರೆ ಹುಡುಕುತ್ತಾ ಹೊರಟವನಿಗೆ 72 ಗಂಟೆ ಯಾವ ಉಪಯೋಗಕ್ಕೆ? ಅವನಿಗೆ ಬೇಕಾದದ್ದು ಬಾಗಿಲು ದಾಟುವ ಮುಂಚೆ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಯಾರನ್ನೂ ಹಿಡಿದಿಡಿ ಅಂತ ನಾನು ಕೇಳುತ್ತಿಲ್ಲ. ಬುದ್ಧಿ ನೆಟ್ಟಗಿರುವ ದೊಡ್ಡವರಿಗೆ ಚಿಕಿತ್ಸೆ ಬೇಡ ಅನ್ನುವ ಹಕ್ಕಿದೆ. ಬಿಲ್ ಬಾಕಿ ಇದೆ ಅಂತ ಡಿಸ್ಚಾರ್ಜ್ ನಿಲ್ಲಿಸಬಾರದು ಅಂತಲೂ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿದೆ. ಹೋಗುವವರು ಹೋಗಲಿ. ಆದರೆ ತಿಳಿದು ಹೋಗಲಿ. ಚಿಕಿತ್ಸೆಗೆ ಒಪ್ಪಿಗೆ ಕೊಡುವ ಮುಂಚೆ ರೋಗಿಗೆ ಸರಿಯಾಗಿ ವಿವರಿಸಬೇಕು ಅಂತ ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಬೇಡ ಅನ್ನುವವರಿಗೂ ಅಷ್ಟೇ ವಿವರ ಬೇಕಲ್ವಾ? ಏನೂ ವಿವರಿಸದೆ ತೆಗೆದುಕೊಂಡ ಸಹಿಯಿಂದ ಆಸ್ಪತ್ರೆಯ ಹೊಣೆ ತೀರಿತು ಅಂತ ನನಗಂತೂ ಅನ್ನಿಸುವುದಿಲ್ಲ.

ಇನ್ನೊಂದು ಸಂಗತಿ ಹೇಳಲು ಮನಸ್ಸಿಗೆ ಭಾರ, ಆದರೆ ಬಿಡುವ ಹಾಗಿಲ್ಲ. ಲಾಮಾ ಅಂತ ಬರೆದವರಲ್ಲಿ ಕೆಲವರು ಸಾಯಲು ಮನೆಗೆ ಹೋದವರು. ವಾಸಿಯಾಗುವುದಿಲ್ಲ ಅಂತ ಡಾಕ್ಟರಿಗೂ ಗೊತ್ತು, ಮನೆಯವರಿಗೂ ಗೊತ್ತು. 'ಜೀವ ಮನೆಯಲ್ಲೇ ಹೋಗಲಿ ಸಿಸ್ಟರ್' ಅಂತ ಮಕ್ಕಳು ಕೇಳುತ್ತಾರೆ. ಇದರಲ್ಲಿ ತಪ್ಪೇನಿದೆ? ಆದರೆ ಐಸಿಯುನಲ್ಲಿ ಹಾಗಂತ ಬರೆಯಲು ಡಾಕ್ಟರಿಗೆ ಕಾನೂನಿನ ಭಯ. ಹಾಗಾಗಿ ಅದೇ ಫಾರಂ ತರಿಸುತ್ತಾರೆ. ಅಪ್ಪನನ್ನು ಅವನು ಹುಟ್ಟಿದ ಮನೆಗೆ ಕರೆದೊಯ್ಯಲು ಹೊರಟ ಮಗನ ಕೈಯಲ್ಲಿ 'ವೈದ್ಯರ ಮಾತು ಮೀರಿ ಕರೆದೊಯ್ಯುತ್ತಿದ್ದೇನೆ' ಅಂತ ಬರೆಸುತ್ತಾರೆ. ದಾರಿಯುದ್ದಕ್ಕೂ ಆಂಬುಲೆನ್ಸಿನಲ್ಲಿ ಯಾರೋ ಒಬ್ಬರು ಕೈಯಲ್ಲಿ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಒತ್ತುತ್ತಾ ಕೂರುತ್ತಾರೆ. ಮನೆ ಮುಟ್ಟಿದ ಮೇಲೆ ಗಂಟಲಿನ ಉಸಿರಿನ ಟ್ಯೂಬ್ ತೆಗೆಯುವವರು ಯಾರು, ನೋವಿಗೆ ಏನು ಕೊಡಬೇಕು, ದಮ್ಮು ಹೆಚ್ಚಾದರೆ ಏನು ಮಾಡಬೇಕು, ಯಾರೂ ಹೇಳಿರುವುದಿಲ್ಲ. ಕ್ಯಾನ್ಸರ್ ರೋಗಿ ಮಾರ್ಫಿನ್ ಮಾತ್ರೆ ಇಲ್ಲದೆ ಮನೆಗೆ ಹೋಗುತ್ತಾನೆ. ಅಪ್ಪನನ್ನು ತಾನೇ ಆಸ್ಪತ್ರೆ ಬಿಡಿಸಿ ಕೊಂದೆ ಅಂತ ಮಗ ಆಮೇಲೆ ಕೊರಗುತ್ತಾನೆ. ಆ ಕೊರಗನ್ನು ಅವನ ತಲೆಗೆ ಕಟ್ಟಿದ್ದು ನಮ್ಮ ಫಾರಂ.

ಗೌರವದಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟು, 2023ರಲ್ಲಿ ಅದರ ವಿಧಾನವನ್ನು ಸರಳ ಮಾಡಿತು. 2025ರ ಜನವರಿಯಲ್ಲಿ ನಿಮ್ಮ ಇಲಾಖೆ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಆಸ್ಪತ್ರೆಯಲ್ಲಿ ಎರಡು ವೈದ್ಯ ಮಂಡಳಿಗಳು ನೋಡಿ, ಮನೆಯವರ ಒಪ್ಪಿಗೆ ಪಡೆದು, ಫಲ ಕೊಡದ ಚಿಕಿತ್ಸೆಯನ್ನು ನಿಲ್ಲಿಸಬಹುದು ಅಂತ ದಾರಿ ತೋರಿಸಿತು. ಅದನ್ನು ಓದಿ ನನಗೆ ಬಹಳ ಸಮಾಧಾನ ಆಯಿತು. ಆದರೆ ಈಗಲೂ ವಾರ್ಡಿನಲ್ಲಿರುವ ನನ್ನ ಜೊತೆಯವರನ್ನು ಕೇಳಿದರೆ, ಆ ಮಂಡಳಿಗಳ ಹೆಸರೂ ಅವರ ಕಿವಿಗೆ ಬಿದ್ದಿಲ್ಲ. ಫಾರಂ ಮಾತ್ರ ಹಳೆಯದೇ ನಡೆಯುತ್ತಿದೆ.

ಹಾಗಾಗಿ ತಮ್ಮಲ್ಲಿ ನನ್ನ ಬೇಡಿಕೆಗಳು ಇಷ್ಟು.

ಎಲ್ಲಕ್ಕಿಂತ ಮೊದಲು ಆ ಫಾರಂ ಬದಲಾಗಲಿ. ರಾಜ್ಯದ ಎಲ್ಲ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಿಗೆ ಒಂದೇ ಫಾರಂ ಬರಲಿ, ಅದು ಕನ್ನಡದಲ್ಲಿರಲಿ, ಗಡಿ ಜಿಲ್ಲೆಗಳಲ್ಲಿ ಅಲ್ಲಿನ ಜನರ ಮಾತಿನಲ್ಲೂ ಇರಲಿ. ಅದರಲ್ಲಿ ರೋಗಿಗೆ ಈಗ ಏನಾಗಿದೆ, ಹೋದರೆ ಏನಾಗಬಹುದು, ಯಾವ ಲಕ್ಷಣ ಕಂಡರೆ ತಕ್ಷಣ ವಾಪಸ್ ಬರಬೇಕು ಅಂತ ಡಾಕ್ಟರು ಕೈಯಲ್ಲಿ ಬರೆದು ಸಹಿ ಹಾಕಲಿ. ಯಾಕೆ ಹೋಗುತ್ತಿದ್ದೀರಿ ಅಂತ ಕೇಳಿ, ರೋಗಿ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಲಿ. 'ಬೇರೆ ಕಡೆ ಹೋಗಿ ಅಂತ ಆಸ್ಪತ್ರೆಯವರೇ ಹೇಳಿದರು' ಅಂತ ಬರೆಯಲೂ ಅಲ್ಲಿ ಜಾಗ ಇರಲಿ. ಫಾರಂನ ಒಂದು ಪ್ರತಿ ರೋಗಿಯ ಕೈಗೆ ಹೋಗಲಿ.

ಹೊರಡುವವರಿಗೆ ಡಿಸ್ಚಾರ್ಜ್ ಸಮ್ಮರಿ, ರಿಪೋರ್ಟುಗಳು, ಕೆಲವು ದಿನಕ್ಕಾಗುವಷ್ಟು ಔಷಧಿ ಕೊಡುವುದು ಕಡ್ಡಾಯ ಆಗಲಿ. ಮಾತು ಕೇಳದೆ ಹೋದವರು ಅನ್ನುವ ಸಿಟ್ಟಿಗೆ ಮಾತ್ರೆ ತಡೆಹಿಡಿಯುವುದು ಯಾವ ನ್ಯಾಯ? ಹಾವು ಕಡಿತ, ಡೆಂಗಿ, ಹೃದಯಾಘಾತ, ವಿಷ ಸೇವನೆ, ಬಾಣಂತಿ, ಎಳೆಕೂಸು, ಇಂಥವರು ಲಾಮಾ ಹೋದರೆ ಅದೇ ದಿನ ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಫೋನ್ ಹೋಗಲಿ. ಮಾರನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ನೋಡಿ ಬರಲಿ, ಅದಕ್ಕೆ ಅವರಿಗೆ ತಕ್ಕ ಹಣವನ್ನೂ ಕೊಡಿ. ಸುಮ್ನೆ ಇನ್ನೊಂದು ಕೆಲಸ ಅವರ ತಲೆಗೆ ಕಟ್ಟಬೇಡಿ.

ವಾಪಸ್ ಬಂದವರನ್ನು 'ಅವತ್ತು ಯಾಕೆ ಹೋದೆ' ಅಂತ ಬೈಯಬಾರದು ಅಂತ ಲಿಖಿತ ಆದೇಶ ಬೇಕು. ಇದು ಸಣ್ಣ ಮಾತು ಅನ್ನಿಸಬಹುದು. ಬೈಗುಳದ ಭಯಕ್ಕೆ ಎರಡು ದಿನ ತಡ ಮಾಡಿ ಬಂದವರನ್ನು ನಾನು ನೋಡಿದ್ದೇನೆ.

ಸರ್ಕಾರಿ ಯೋಜನೆಗಳ ಬಗ್ಗೆ ರೋಗಿಗಳಿಗೆ ದಾರಿ ತೋರಿಸುವ ಆರೋಗ್ಯ ಮಿತ್ರರ ಕುರ್ಚಿ ರಾತ್ರಿ ಹೊತ್ತೂ ಖಾಲಿ ಇರದ ಹಾಗೆ ನೋಡಿಕೊಳ್ಳಿ. ದುಡ್ಡಿನ ಕಾರಣಕ್ಕೆ ಹೊರಟವರು ಮೊದಲು ಅವರನ್ನು ಕಂಡು, ಯಾವ ಯೋಜನೆಯಲ್ಲಿ ದಾರಿ ಇದೆ ಅಂತ ಕೇಳಿ, ಆಮೇಲೆ ನಿರ್ಧಾರ ಮಾಡುವ ಹಾಗಾಗಲಿ. ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಪ್ರತಿ ರೋಗಿಯ ಜೊತೆಗಿರುವ ಒಬ್ಬರಿಗಾದರೂ ಊಟ, ಮಲಗಲು ಒಂದು ಜಾಗ ಕೊಡಿ. ಎಷ್ಟೋ ಲಾಮಾಗಳು ಇದರಿಂದಲೇ ನಿಲ್ಲುತ್ತವೆ ಅನ್ನುವ ನಂಬಿಕೆ ನನ್ನದು.

ಸಾಯುವ ಹಂತದಲ್ಲಿ ಮನೆಗೆ ಹೋಗುವವರಿಗೆ ಲಾಮಾ ಫಾರಂ ಕೊಡುವುದನ್ನು ನಿಲ್ಲಿಸಿ. 2025ರ ಸುತ್ತೋಲೆಯ ಬಗ್ಗೆ ಜಿಲ್ಲೆಯ ಎಲ್ಲ ಐಸಿಯುಗಳ ಡಾಕ್ಟರು ಮತ್ತು ನರ್ಸ್‌ಗಳಿಗೆ ತರಬೇತಿ ಕೊಡಿ. ಡಾಕ್ಟರೇ ಒಪ್ಪಿ, ಬರೆದು, ನೋವಿನ ಔಷಧಿ ಜೊತೆಗಿಟ್ಟು, ಊರಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿ ಕಳಿಸುವ ಡಿಸ್ಚಾರ್ಜ್ ಅವರಿಗೆ ಸಿಗಬೇಕು.

ಕೊನೆಯದಾಗಿ, ಪ್ರತಿ ಆಸ್ಪತ್ರೆಯಿಂದ ತಿಂಗಳಿಗೆ ಎಷ್ಟು ಜನ ಲಾಮಾ ಹೋದರು, ಯಾವ ಕಾರಣಕ್ಕೆ ಹೋದರು ಅನ್ನುವುದು ಜಿಲ್ಲಾ ಆರೋಗ್ಯಾಧಿಕಾರಿಗಳ ಮುಂದೆ ಬರಲಿ, ಸಾರ್ವಜನಿಕರಿಗೂ ಕಾಣಲಿ. ಖಾಸಗಿಯವರನ್ನೂ ಕೆಪಿಎಂಇ ಅಡಿಯಲ್ಲಿ ಇದಕ್ಕೆ ಸೇರಿಸಿ. ಒಂದೇ ಆಸ್ಪತ್ರೆಯಿಂದ ಸೀರಿಯಸ್ ಆದವರೆಲ್ಲ ಲಾಮಾ ಹೋಗುತ್ತಿದ್ದರೆ ಅಲ್ಲಿಗೆ ಹೋಗಿ ಕೇಸ್ ಶೀಟ್ ತೆರೆಸಿ ನೋಡಿ.

ಎಲ್ಲ ಒಟ್ಟಿಗೆ ಆಗುವುದಿಲ್ಲ ಅಂತ ಅಧಿಕಾರಿಗಳು ಹೇಳಬಹುದು. ಹಾಗಾದರೆ ಫಾರಂನಿಂದ ಶುರು ಮಾಡಿ, ಅದಕ್ಕೆ ದೊಡ್ಡ ಬಜೆಟ್ ಏನೂ ಬೇಡ. ಅದನ್ನು ಬರೆಯಲು ಕೂರುವಾಗ ವಾರ್ಡಿನಲ್ಲಿ ನಿಂತು ಕೆಲಸ ಮಾಡಿದ ನರ್ಸ್‌ಗಳನ್ನೂ, ಹಿಂದೆ ಸಹಿ ಹಾಕಿ ಹೋದ ಕುಟುಂಬದವರನ್ನೂ ಕರೆಯಿರಿ. ಕರೆದರೆ ನಾನು ನನ್ನ ಖರ್ಚಿನಲ್ಲೇ ಬರುತ್ತೇನೆ. ತಮ್ಮಿಂದ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸ್ಟಾಫ್ ನರ್ಸ್,
ಚಿತ್ರದುರ್ಗ ಜಿಲ್ಲೆ